ಭಾವನ ಕೈಗೆ ಅಂಟಿದ್ದು

ಪಟ್ಟಿಯಲ್ಲಿ ಪಕ್ಕದ ಮನೆಯ ನಾಯಿಗೂ ಜಾಗ ಸಿಕ್ಕಿತ್ತು. ನನಗೆ ಸಿಕ್ಕಿರಲಿಲ್ಲ.

ಸಿನಿಮಾ ಮುಗಿದ ಮೇಲೆ, ಜನ ಸೀಟಿನ ಕೆಳಗೆ ಚಪ್ಪಲಿ ಹುಡುಕುವ ಹೊತ್ತಿಗೆ, ಪರದೆಯ ಮೇಲೆ ಹೆಸರುಗಳು ಹತ್ತಿಕೊಂಡು ಹೋಗುತ್ತವಲ್ಲ, ಆ ಪಟ್ಟಿ. ಭಾವ ಅದರಲ್ಲಿ ನಮ್ಮ ಭಾಗವನ್ನು ಪ್ರಿಂಟ್ ತೆಗೆದು ಸ್ಟುಡಿಯೋ ಬಾಗಿಲಿಗೆ ಅಂಟಿಸಿದ್ದರು. ಧ್ವನಿ ಪರಿಣಾಮ ಎಂದು ದಪ್ಪ ಅಕ್ಷರದಲ್ಲಿ ಅವರದೇ ಹೆಸರು. ಧ್ವನಿ ಮುದ್ರಣ, ನಮ್ಮಕ್ಕ. ಕೊನೆಯಲ್ಲಿ ಕೃತಜ್ಞತೆ: ಎರಡು ಸಲ ಬೊಗಳಿಕೊಟ್ಟಿದ್ದಕ್ಕೆ ಪಕ್ಕದ ಮನೆ ನಾಯಿ. ಮೂರನೇ ಸಲ ಬೊಗಳಪ್ಪಾ ಅಂದಾಗ ಆ ಸೋಮಾರಿ ಮೈಕಿನ ಮುಂದೆಯೇ ಮಲಗಿಬಿಟ್ಟಿತ್ತು.

"ಭಾವ, ನಂದೆಲ್ಲಿ?"

"ಏನು ನಿಂದು?"

"ಹೆಸರು."

ಭಾವ ಮೀಸೆಯಲ್ಲೇ ನಕ್ಕರು. "ಅಯ್ಯೋ ಚೋಟು, ಗೋಂದು ಕಲಸೋರಿಗೆಲ್ಲ ಹೆಸರು ಹಾಕ್ತಾ ಕೂತ್ರೆ ಸಿನಿಮಾಗಿಂತ ಪಟ್ಟೀನೇ ಉದ್ದ ಆಗತ್ತೆ. ಮುಂದಿನ ಸಿನಿಮಾದಲ್ಲಿ ನೋಡೋಣ ಬಿಡು."

ಈ 'ಮುಂದಿನ ಸಿನಿಮಾ' ಅನ್ನುವುದು ನನ್ನ ಕಿವಿಗೆ ಬೀಳುತ್ತಿದ್ದದ್ದು ಮೂರನೇ ಸಲ.

ಚೋಟು ಅಂದರೆ ನಾನೇ. ಎತ್ತರ ಚೋಟುದ್ದ, ನಾಲಿಗೆ ಮಾರುದ್ದ, ವಯಸ್ಸು ಇಪ್ಪತ್ತು. ಮೇಲೆ ಮನೆ, ಕೆಳಗೆ ಕಾರು ನಿಲ್ಲಿಸುವ ಜಾಗದಲ್ಲಿ ಭಾವನ ಸ್ಟುಡಿಯೋ. ಚಿತ್ರೀಕರಣದಲ್ಲಿ ಸಿಗದ ಸಣ್ಣಪುಟ್ಟ ಸದ್ದುಗಳನ್ನೆಲ್ಲ ಆಮೇಲೆ ಹುಟ್ಟಿಸಿ ಕೂಡಿಸುವುದು ನಮ್ಮ ಕಸುಬು. ನಾಯಕ ನಡೆದರೆ ಬೂಟು ಹಾಕಿಕೊಂಡು ನಡೆಯುವವರು ಭಾವ. ಆ ವಿಷಯದಲ್ಲಿ ಸುಳ್ಳು ಹೇಳಲಾರೆ, ಅವರ ಕಾಲು ಬಂಗಾರ. ಕುಡುಕನ ನಡಿಗೆ, ಬಸುರಿಯ ನಡಿಗೆ, ಸುಳ್ಳು ಹೇಳಿ ಬಂದ ಗಂಡನ ನಡಿಗೆ, ಒಂದೇ ಜೊತೆ ಚಪ್ಪಲಿಯಲ್ಲಿ ಮೂರನ್ನೂ ತೋರಿಸುತ್ತಾರೆ. ಆದರೆ ಈ ಸಿನಿಮಾದಲ್ಲಿ ಪಾಳುಬಾವಿಯಿಂದ ಎದ್ದು ಬರುವ ಒಂದು ಪ್ರಾಣಿ ಇತ್ತು. ಅದಕ್ಕೆ ಕಾಲೇ ಇಲ್ಲ. ಮೈಯೆಲ್ಲ ಲೋಳೆ. ಅಲ್ಲಿಗೆ ಭಾವನ ಬಂಗಾರ ಕೆಲಸಕ್ಕೆ ಬರಲಿಲ್ಲ.

ಆ ಪ್ರಾಣಿಗೆ ಮೈ ಕೊಟ್ಟವಳು ನಾನು. ಬಿಳಿ ಗೋಂದಿಗೆ ಅಷ್ಟೇ ಬೆಚ್ಚಗಿನ ನೀರು, ಆಮೇಲೆ ಬಿಳಿಗಾರ ಕರಗಿಸಿದ ನೀರನ್ನು ಹನಿ ಹನಿಯಾಗಿ ಬಿಡುತ್ತಾ ಕಲಸಬೇಕು. ಒಂದು ಚಮಚ ಜಾಸ್ತಿಯಾದರೆ ರಬ್ಬರು, ಕಮ್ಮಿಯಾದರೆ ಮೂಗಿನ ಸಿಂಬಳ. ಮಕ್ಕಳು ಆಡುವ ಸ್ಲೈಮೇ, ಬೇರೆಯೇನಲ್ಲ. ನಾನೂ ಮೊದಲು ಮಾಡಿದ್ದು ಅಕ್ಕನ ದಿಂಬಿನ ಮೇಲೆ ಇಡಲಿಕ್ಕೇ. ಆವತ್ತು ಅವಳು ಕಿರುಚಿದ್ದು ಬಿಟ್ಟರೆ ನನಗೆ ನೆನಪಿರುವುದು, ಅವಳ ಕೆನ್ನೆಯಿಂದ ಅದು ಬಿಡಿಸಿಕೊಂಡಾಗ ಬಂದ ಸದ್ದು. ಮೈ ಜುಮ್ಮೆಂದಿತ್ತು.

ಆಮೇಲೆ ಗೊತ್ತಾಗಿದ್ದು, ಸ್ಲೈಮಿನ ಸದ್ದೆಲ್ಲ ಬಿಸಿ ತಂಪಿನ ಆಟ. ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ ಒಂದು ತಾಸು ಇಟ್ಟರೆ ಬಿಗಿಯುತ್ತದೆ. ಎಳೆದರೆ ನಿಧಾನಕ್ಕೆ ಬರುತ್ತದೆ, ಕೊನೆಗೆ ಟಕ್ ಅಂತ ಕೈ ಬಿಡುತ್ತದೆ. ಅದಕ್ಕೆ ನಾನು ಇಟ್ಟ ಹೆಸರು ದೊಡ್ಡತ್ತೆ. ಬೆಚ್ಚಗಿನ ನೀರಿನ ಪಾತ್ರೆಯಲ್ಲಿ ಡಬ್ಬಿ ಇಟ್ಟರೆ ಅದೇ ಸ್ಲೈಮು ಸಡಿಲವಾಗಿ ಹರಿಯುತ್ತದೆ, ಸಿಕ್ಕಿದವರನ್ನೆಲ್ಲ ತಬ್ಬಿಕೊಳ್ಳುತ್ತದೆ, ಬಿಡುವುದೇ ಇಲ್ಲ. ಅದು ಚಿಕ್ಕಮ್ಮ. ಮುಚ್ಚಳ ತೆಗೆದಿಟ್ಟರೆ ಒಣಗಿ ಚರ್ಮವಾಗುತ್ತದೆ. ಮಂಜುಗಟ್ಟುವ ಖಾನೆಯಲ್ಲಿಟ್ಟರೆ ಸತ್ತೇ ಹೋಗುತ್ತದೆ, ಹೊರಗೆ ತೆಗೆದಾಗ ನೀರೇ ಬೇರೆ ಚಿಂದಿಯೇ ಬೇರೆ. ಕೊಳಕು ಕೈಯಲ್ಲಿ ಮುಟ್ಟಿದರೆ ವಾರದಲ್ಲಿ ಬೂಷ್ಟು. ಒಮ್ಮೆ ಕಿಟಕಿಯ ಬಿಸಿಲಿಗೆ ಮರೆತಿಟ್ಟಿದ್ದೆ. ಕರಗಿ ಮೇಜಿನ ಖಾನೆಯೊಳಗೆ ಇಳಿದಿತ್ತು. ಅಲ್ಲಿದ್ದ ಅಕ್ಕನ ಕತ್ತರಿ ಇವತ್ತಿಗೂ ಬಾಯಿ ಬಿಟ್ಟಿಲ್ಲ.

ನಾಲ್ಕು ತಿಂಗಳು ಮಗುವಿನ ಹಾಗೆ ಸಾಕಿದ್ದೆ. ಆ ಪ್ರಾಣಿ ಉಸಿರಾಡಿದರೆ ನನ್ನ ಚಿಕ್ಕಮ್ಮ, ಕತ್ತು ತಿರುಗಿಸಿದರೆ ನನ್ನ ದೊಡ್ಡತ್ತೆ. ಇಷ್ಟಾದ ಮೇಲೆ ಡೈರೆಕ್ಟರ್ ಫೋನಿನಲ್ಲಿ, "ಏನ್ರೀ ಸದ್ದು ಅದು! ಹೇಗೆ ಮಾಡಿದ್ರಿ?" ಎಂದು ಕೇಳಿದಾಗ ಭಾವ ಏನಂದರು ಗೊತ್ತೇ? ನಾನು ಅಲ್ಲೇ ಕೂತು ಡಬ್ಬಿ ತೊಳೆಯುತ್ತಿದ್ದೆ. "ಅದು ನನ್ನ ಸೀಕ್ರೆಟ್ ಸಾರ್. ಇಪ್ಪತ್ತು ವರ್ಷದ ಅನುಭವ."

ಹೆಸರಿನ ಆಸೆಗಲ್ಲ ನಾನು ಉರಿದದ್ದು. ಸರಿ, ಆಸೆಗೂ ಹೌದು. ಆದರೆ ಪರದೆಯ ಮೇಲೆ ಒಂದು ಸಲ ಹೆಸರು ಬಂದರೆ ಮಾತ್ರ ಕಸುಬುದಾರರ ಸಂಘದಲ್ಲಿ ನನಗೆ ಕಾರ್ಡು. ಕಾರ್ಡು ಇದ್ದರೆ ಮಾತ್ರ ಬೇರೆ ಸ್ಟುಡಿಯೋದವರು ಒಳಗೆ ಬಿಡುವುದು. ಇಲ್ಲದಿದ್ದರೆ ಜೀವಮಾನವಿಡೀ ಭಾವನ ಮನೆಯ ಗೋಂದು. ಪಟ್ಟಿ ಸಿನಿಮಾದ ಪ್ರತಿ ತೆಗೆಯುವ ಲ್ಯಾಬಿಗೆ ಹೋಗುವುದು ಶುಕ್ರವಾರ ಸಂಜೆ. ಆಮೇಲೆ ಒಂದಕ್ಷರ ಬದಲಾಗುವುದಿಲ್ಲ.

ಅಕ್ಕನಿಗೆ ಹೇಳಿದೆ. ಅವಳು ಹೆಡ್‌ಫೋನಿನ ಒಂದು ಕಿವಿ ಮಾತ್ರ ತೆಗೆದಳು.

"ಯಾಕೆ ಒದ್ದಾಡ್ತೀಯ? ಮನೇಲಿ ಎಲ್ಲರಿಗೂ ಗೊತ್ತಲ್ಲ, ನೀನೇ ಮಾಡಿದ್ದು ಅಂತ."

"ಮನೇಲಿ ಇರೋದೇ ಮೂರು ಜನ ಅಕ್ಕ. ಅದರಲ್ಲಿ ಒಬ್ಬಳು ನಾನು."

"ಮನೆ ನೆಮ್ಮದಿ ಕೆಡಿಸ್ಬೇಡ ಪುಟ್ಟಾ."

"ನೆಮ್ಮದಿ ಅಲ್ಲ ಅಕ್ಕಾ, ಇದು ಯುದ್ಧಕ್ಕೆ ಮುಂಚಿನ ಮೌನ!"

"ಡೈಲಾಗ್ ಹೊಡೀಬೇಡ," ಎಂದು ಅಕ್ಕ ಕಿವಿ ಮುಚ್ಚಿಕೊಂಡಳು. ಭಾವ ನಕ್ಕಿದ್ದಕ್ಕಿಂತ ಅದು ಹೆಚ್ಚು ಚುಚ್ಚಿತು.

ಉಳಿದಿದ್ದು ಒಂದೇ ಸದ್ದು. ಪ್ರಾಣಿ ಹುಟ್ಟುವ ದೃಶ್ಯ, ಹನ್ನೊಂದು ಸೆಕೆಂಡು. ಚರ್ಮದ ಚೀಲದೊಳಗಿಂದ ಒಂದು ಕೈ ಸೀಳಿಕೊಂಡು ಹೊರಗೆ ಬರಬೇಕು. ನಾಲ್ಕು ಸಲ ಮಾಡಿ ಕಳಿಸಿದ್ದೆವು. ನಾಲ್ಕು ಸಲವೂ ಡೈರೆಕ್ಟರ್, "ಇದು ಹುಟ್ಟೋ ಸದ್ದಲ್ಲ, ಪಾತ್ರೆ ತೊಳೆಯೋ ಸದ್ದು" ಎಂದು ವಾಪಸು ಅಟ್ಟಿದ್ದರು. ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ತಾವೇ ಬಂದು ಕೂರುತ್ತೇನೆ ಅಂದರು. ಜೊತೆಗೆ ಸಿನಿಮಾ ಮಾಡಿದ ಬಗೆಯನ್ನು ಜನರಿಗೆ ತೋರಿಸಲು ಒಬ್ಬ ಕ್ಯಾಮೆರಾದವನು.

ಕ್ಯಾಮೆರಾ ಅಂದದ್ದೇ ತಡ, ಭಾವನ ಮೀಸೆಗೆ ಬಾಚಣಿಗೆ ಬಿತ್ತು.

"ನಾಳೆ ನಾನೇ ಮಾಡ್ತೀನಿ. ನೀನು ಕಾಫಿ ನೋಡ್ಕೋ," ಅಂದರು. "ಆ ಲೋಳೆ ರೆಡಿ ಮಾಡಿ ಫ್ರಿಜ್ಜಲ್ಲಿಡು. ಹೇಗೆ ಏನು ಅಂತ ಫೋನಿಗೆ ಒಂದು ಮೆಸೇಜ್ ಹಾಕು, ನೋಡ್ಕೋತೀನಿ."

ಹಾಕಿದೆ. ಧ್ವನಿ ಸಂದೇಶ. ಹನ್ನೊಂದು ನಿಮಿಷ ನಲವತ್ತು ಸೆಕೆಂಡು.

ಅದರಲ್ಲಿ ಒಂದೇ ಒಂದು ಸುಳ್ಳಿರಲಿಲ್ಲ. ಮುದ್ರಣ ಶುರುವಾದರೆ ಗುಂಯ್‌ಗುಡುವ ಎಸಿ ಆರಿಸಬೇಕು, ಆಗ ಕೋಣೆ ಕಾಯುತ್ತದೆ, ಆದ್ದರಿಂದ ಸ್ಲೈಮಿನ ಡಬ್ಬಿಯನ್ನು ಐಸ್ ತುಂಬಿದ ಪೆಟ್ಟಿಗೆಯಲ್ಲೇ ಇಟ್ಟುಕೊಳ್ಳಿ, ನಾಲ್ಕು ನಿಮಿಷಕ್ಕಿಂತ ಹೆಚ್ಚು ಹೊರಗೆ ಇಡಬೇಡಿ ಎಂದಿದ್ದೆ. ದೀಪದ ಕೆಳಗೆ ಬೇಡ ಎಂದಿದ್ದೆ. ಕೈ ಹಾಕುವ ಮುಂಚೆ ಮೊಣಕೈವರೆಗೂ ಎಣ್ಣೆ ಹಚ್ಚಿ ಎಂದಿದ್ದೆ. ಒಂದು ವೇಳೆ ಕೂದಲಿಗೆ ಅಂಟಿದರೆ ಬಿಸಿನೀರು ಮಾತ್ರ ಹಾಕಬೇಡಿ, ಅಡುಗೆಮನೆಯ ಮೇಲಿನ ಗೂಡಿನಲ್ಲಿ ವಿನೆಗರ್ ಬಾಟಲಿ ಇದೆ, ಹಚ್ಚಿದರೆ ನೋವಿಲ್ಲದೆ ಕರಗುತ್ತದೆ ಎಂದೂ ಹೇಳಿದ್ದೆ. ಅದು ಬರುವುದು ಒಂಬತ್ತನೇ ನಿಮಿಷದಲ್ಲಿ.

ಭಾವ ಯಾರ ಧ್ವನಿ ಸಂದೇಶವನ್ನೂ ಏಳು ಸೆಕೆಂಡಿಗಿಂತ ಹೆಚ್ಚು ಕೇಳಿದವರಲ್ಲ. ಸದ್ದಿನ ಕಸುಬಿನವರಿಗೆ ಮನುಷ್ಯರ ಮಾತು ಅಂದರೆ ಅಲರ್ಜಿ. ಒಮ್ಮೆ ಅಕ್ಕ ನಾಲ್ಕು ದಿನ ಗೆಳತಿಯ ಊರಿಗೆ ಹೋಗುತ್ತೇನೆಂದು ಸಂದೇಶ ಹಾಕಿ ಹೋಗಿದ್ದಳು. ಇವರು ಕೇಳದೆಯೇ 'ಸರಿ' ಎನ್ನುವ ಹೆಬ್ಬೆರಳ ಗುರುತು ಒತ್ತಿ, ಸಂಜೆ ಮನೆಯೆಲ್ಲ ಹುಡುಕಿ, ಬಚ್ಚಲ ಬಾಗಿಲು ಬಡಿದಿದ್ದರು.

ನನಗೂ ಏಳನೇ ಸೆಕೆಂಡಿಗೆ ಹೆಬ್ಬೆರಳು ಬಂತು.

ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆದು ಡಬ್ಬಿಗೆ ಅಂಟಿಸಿದ್ದರೆ ಭಾವ ಓದುತ್ತಿದ್ದರು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಬರೆಯಲಿಲ್ಲ.

ಶುಕ್ರವಾರ ಡೈರೆಕ್ಟರ್ ಬಂದರು. ತೆಳ್ಳಗಿನ ಮನುಷ್ಯ, ಕಣ್ಣು ಮುಚ್ಚಿಕೊಂಡೇ ಮಾತಾಡುವ ಜಾತಿ. ಗಾಜಿನ ಈಚೆ ಕಂಟ್ರೋಲ್ ಕೋಣೆಯಲ್ಲಿ ಅಕ್ಕನ ಪಕ್ಕ ಕೂತರು. ಕ್ಯಾಮೆರಾದವನು ಒಳಗೆ ಎರಡು ದೊಡ್ಡ ದೀಪ ನಿಲ್ಲಿಸಿದ. ನಾನು ಕಾಫಿ ತಟ್ಟೆ ಹಿಡಿದು ಅಕ್ಕನ ಕುರ್ಚಿಯ ಹಿಂದೆ ನಿಂತೆ.

"ಎಸಿ ಆಫ್," ಎಂದಳು ಅಕ್ಕ.

ಭಾವ ತೋಳು ಮಡಿಸಿದರು. ಅವರ ಕೈ ನೋಡಬೇಕು ನೀವು, ಕರಡಿಗೆ ಅಂಗಿ ತೊಡಿಸಿದ ಹಾಗೆ. ಡಬ್ಬಿ ತೆರೆದು ದೊಡ್ಡತ್ತೆಯನ್ನು ಮೇಜಿನ ಮೇಲೆ, ಸರಿಯಾಗಿ ದೀಪದ ಬುಡಕ್ಕೆ ಸುರಿದು, ಕ್ಯಾಮೆರಾಕ್ಕೆ ತಿರುಗಿದರು.

"ಧ್ವನಿ ಅಂದ್ರೆ ಏನು? ಧ್ವನಿ ಅಂದ್ರೆ ತಪಸ್ಸು..."

ತಪಸ್ಸು ಇಪ್ಪತ್ತು ನಿಮಿಷ ನಡೆಯಿತು. ಗಾಜಿನಾಚೆ ನನ್ನ ದೊಡ್ಡತ್ತೆ ಮೊದಲು ಸೊಂಟ ಬಿಟ್ಟಳು, ಆಮೇಲೆ ಕಾಲು ಚಾಚಿದಳು, ಆಮೇಲೆ ಮೇಜಿನ ಅಂಚಿಗೆ ಬಂದು ಇಣುಕಿದಳು. ಅಕ್ಕ ಅದನ್ನೇ ನೋಡುತ್ತಿದ್ದಳು. ತಿರುಗಿ ನನ್ನ ಮುಖ ನೋಡಿದಳು. ನಾನು ಕಾಫಿ ಲೋಟ ಎಣಿಸಿದೆ.

"ಟೇಕ್," ಅಂದರು ಡೈರೆಕ್ಟರ್, ಕಣ್ಣು ಮುಚ್ಚಿ.

ಭಾವ ಎರಡೂ ಕೈ ಮೊಣಕೈವರೆಗೆ ಹುಗಿದು ಎಳೆದರು. ಕೈ ಬಂತು. ಸ್ಲೈಮೂ ಬಂತು. ಸದ್ದು ಮಾತ್ರ ಬರಲಿಲ್ಲ, ಬರೀ ಲೊಚಲೊಚ.

"ಮತ್ತೆ ಪಾತ್ರೆ ತೊಳೀತಾ ಇದೀರಲ್ಲ ಸ್ವಾಮಿ," ಎಂದರು ಡೈರೆಕ್ಟರ್.

"ಒಂದ್ನಿಮಿಷ ಸಾರ್, ಒಂದೇ ನಿಮಿಷ." ಭಾವ ಕೈ ಕೊಡವಿದರು. ಅದು ದಾರ ದಾರವಾಗಿ ಅಂಗಿಗೆ, ಪ್ಯಾಂಟಿಗೆ, ಬಂಗಾರದ ಕಾಲಿಗೆ ಇಳಿಯಿತು. ಬೆವರು ಮೂಗಿನ ತುದಿಗೆ ಬಂತು. ಒರೆಸಿಕೊಂಡರು. ಮೀಸೆಯೂ ಹೋಯಿತು.

"ಚೋಟೂ! ಬಿಸಿನೀರು ತಗೊಂಡು ಬಾ!"

ಒಂದು ಕೈಯಲ್ಲಿ ಬಕೀಟು, ಇನ್ನೊಂದರಲ್ಲಿ ಕಾಫಿ ತಟ್ಟೆ ಹಿಡಿದು ಒಳಗೆ ಹೋದೆ. "ಬಿಸಿನೀರಾ ಭಾವ? ಖಂಡಿತಾನಾ?"

"ಹೇಳಿದಷ್ಟು ಮಾಡು!"

ಹೇಳಿದಷ್ಟು ಮಾಡಿದೆ. ಬಿಸಿ ತಗುಲಿದ್ದೇ ಸ್ಲೈಮು ತೆಳ್ಳಗಾಗಿ, ಒಂದೊಂದು ಕೂದಲಿನ ಬುಡವನ್ನೂ ವಿಚಾರಿಸಿಕೊಂಡು ಒಳಗಿಳಿಯಿತು. ಭಾವ ಎರಡೂ ಕೈ ಮುಂದೆ ಚಾಚಿಕೊಂಡು ನಿಂತರು, ನಿದ್ದೆಯಲ್ಲಿ ನಡೆಯುವವರ ಹಾಗೆ.

"ಈಗೇನೇ ಮಾಡೋದು?" ಎಂದರು, ಸಣ್ಣ ದನಿಯಲ್ಲಿ.

ವಿನೆಗರ್ ಬಾಟಲಿ ನನ್ನ ತಟ್ಟೆಯಲ್ಲೇ ಇತ್ತು, ಕಾಫಿ ಲೋಟಗಳ ನಡುವೆ. ನಾನು ಅದರ ಪಕ್ಕದ ಐಸ್ ಚೀಲ ಎತ್ತಿಕೊಂಡೆ.

"ಕೂತ್ಕೊಳಿ ಭಾವ. ಅಕ್ಕಾ, ಮೈಕ್ ಆರಿಸ್ಬೇಡ."

ಬಲಗೈ ಮೇಲೆ ಐಸ್ ಚೀಲ ಒತ್ತಿ ಹಿಡಿದು ನಿಧಾನಕ್ಕೆ ಇನ್ನೂರೈವತ್ತು ಎಣಿಸಿದೆ. ತಂಪು ಇಳಿದ ಹಾಗೆ ಸ್ಲೈಮು ಬಿಗಿಯಿತು, ಕೂದಲನ್ನೆಲ್ಲ ಒಳಗಿಟ್ಟುಕೊಂಡು ಹದವಾದ ಚರ್ಮವಾಯಿತು. ಉಗುರಿನಿಂದ ಒಂದು ಅಂಚು ಎಬ್ಬಿಸಿದೆ. ಮೈಕನ್ನು ಒಂದು ಗೇಣು ಹತ್ತಿರಕ್ಕೆ ಎಳೆದುಕೊಂಡೆ.

"ಸ್ವಲ್ಪ ಚುರುಕ್ ಅನ್ನತ್ತೆ ಭಾವ."

"ಎಷ್ಟು ಸ್ವ... ಆಆಆ!"

ನಿಧಾನಕ್ಕೆ ಎಳೆದೆ. ಹನ್ನೊಂದು ಸೆಕೆಂಡು, ಒಂದೂ ಹೆಚ್ಚಲ್ಲ ಕಮ್ಮಿಯಲ್ಲ. ಮೊದಲು ಹಿಗ್ಗುವ ಸದ್ದು. ಅದರೊಳಗೆ ಸಾವಿರ ಬೇರು ಒಂದೊಂದಾಗಿ ಕಿತ್ತು ಬರುವ ಚಿಟಿಚಿಟಿ. ಕೊನೆಗೆ ಟಕ್. ಆ ಟಕ್ಕಿನ ಹಿಂದೆಯೇ ಭಾವನ ಗಂಟಲಿನಿಂದ, ಇನ್ನೂ ಮಾತು ಕಲಿಯದ ಪ್ರಾಣಿಯದೊಂದು ನರಳಾಟ.

ಗಾಜಿನಾಚೆ ಡೈರೆಕ್ಟರ್ ಎದ್ದು ನಿಂತಿದ್ದರು, ಕಣ್ಣು ಬಿಟ್ಟುಕೊಂಡು.

"ಇದೇ! ಇದೇ ಕಣ್ರೀ! ಹುಟ್ಟಿತು!" ಸ್ಪೀಕರಿನಲ್ಲಿ ಅವರ ದನಿ ಬಡಿಯಿತು. "ಯಾರಮ್ಮ ನೀನು?"

ನಾನು ಬಾಯಿ ತೆರೆಯುವ ಮೊದಲೇ ಭಾವ ಶುರು ಮಾಡಿದರು. "ನಮ್ಮನೆ ಹುಡುಗಿ ಸಾರ್, ಕಾಫಿ ಗೀಫಿ..."

ನಾನು ಎಡಗೈಗೆ ಐಸ್ ಇಟ್ಟೆ. ಭಾವ ಐಸ್ ನೋಡಿದರು. ನನ್ನನ್ನು ನೋಡಿದರು. ಕ್ಯಾಮೆರಾ ಇನ್ನೂ ಓಡುತ್ತಿತ್ತು.

"ಚೋಟು, ಬೇಡ. ನಾನು ನಿನ್ನ ಭಾವ."

"ಭಾವ ಅಂತಾನೇ ಮೂರು ಸಿನಿಮಾ ಸುಮ್ನಿದ್ದೆ. ಈಗ ಪೂರ್ತಿ ಹೇಳ್ತೀರಾ, ಎಳೀಲಾ?"

"ಹೇಳೋದೇನಿದೆ, ಎಲ್ಲ ಸೇರಿ ಮಾಡಿದ್ದು..."

ಅರ್ಧ ಇಂಚು ಎಳೆದೆ.

"ಆಯ್! ಲೋಳೆ ಅವಳೇ ಕಲಸೋದು ಸಾರ್!"

"ಕಲಸೋದು ಮಾತ್ರಾನಾ?" ಇನ್ನರ್ಧ ಇಂಚು.

"ಸದ್ದೂ ಅವಳದ್ದೇ! ಉಸಿರಾಟ, ಕತ್ತು, ಎಲ್ಲಾ! ಸೀಕ್ರೆಟ್ ಗೀಕ್ರೆಟ್ ಏನೂ ಇಲ್ಲ ಸಾರ್, ನಾನು ಬರೀ ಕಾಲು!"

ಸೇಡು ಇಷ್ಟು ರುಚಿಯಾಗಿರುತ್ತದೆ ಎಂದು ಗೊತ್ತಿರಲಿಲ್ಲ. ನಿಲ್ಲಿಸುವ ಮನಸ್ಸೇ ಬರಲಿಲ್ಲ, ಅದನ್ನೂ ಬಚ್ಚಿಡುವುದಿಲ್ಲ.

ಭಾವ ಗಾಜಿನ ಕಡೆ ತಿರುಗಿ ಗೋಗರೆದರು. "ಏ, ನೀನಾದ್ರೂ ನಿನ್ ತಂಗಿಗೆ ಒಂದು ಮಾತು ಹೇಳೇ!"

ಅಕ್ಕ ಹೆಡ್‌ಫೋನ್ ತೆಗೆದು ಕತ್ತಿಗೆ ಹಾಕಿಕೊಂಡಳು. ಎರಡೂ ಕಿವಿಯಿಂದ. "ರೀ, ಅವಳು ಕಳ್ಸಿದ್ದ ಮೆಸೇಜ್ ಕೇಳಿದ್ರಾ?"

"ಹೂಂ... ಹೆಬ್ಬೆರಳು ಹಾಕಿದ್ದೆ."

"ನಾನು ಪೂರ್ತಿ ಕೇಳಿದೆ. ಬೆಳಿಗ್ಗೆ ನೀವು ಮೀಸೆ ಬಾಚ್ತಾ ಇದ್ರಲ್ಲ, ಆಗ, ನಿಮ್ಮ ಫೋನಲ್ಲೇ."

ಹಾಗಾದರೆ ಐಸ್ ಪೆಟ್ಟಿಗೆಯ ವಿಷಯ ಅಕ್ಕನಿಗೆ ಗೊತ್ತಿತ್ತು. ಎಣ್ಣೆಯದೂ ಗೊತ್ತಿತ್ತು. ಒಂಬತ್ತನೇ ನಿಮಿಷವೂ ಗೊತ್ತಿತ್ತು. ಗೊತ್ತಿದ್ದೂ ಎಸಿ ಆಫ್ ಅಂದಿದ್ದಳು.

"ಸಾರ್," ಎಂದು ಅಕ್ಕ ಡೈರೆಕ್ಟರ್ ಕಡೆ ತಿರುಗಿದಳು. ಆ ದನಿ ನಾನು ಮನೆಯಲ್ಲಿ ಕೇಳಿದ್ದಲ್ಲ. "ಪಟ್ಟೀಲಿ ಒಂದು ಹೆಸರು ಬಿಟ್ಟುಹೋಗಿದೆ. ಧ್ವನಿ ಪರಿಣಾಮದ ಮೊದಲ ಸಾಲಿಗೆ ಅವಳದ್ದು ಹಾಕ್ತೀನಿ. ಇವರದ್ದು ಎರಡನೇ ಸಾಲು. ನಡಿಗೆ ಸದ್ದು ಅಂತ."

"ಹಾಕಮ್ಮ, ಹಾಕು. ಇನ್ನೂ ಕೇಳ್ಬೇಕಾ?" ಎಂದರು ಡೈರೆಕ್ಟರ್.

"ಲೇ, ಎರಡನೇ ಸಾಲಾ?" ಎಂದರು ಭಾವ.

ಅಕ್ಕ ಟೈಪು ಮಾಡಿದಳು. ನಮ್ಮಪ್ಪನ ಇನಿಷಿಯಲ್ಲಿನಿಂದ ಹಿಡಿದು ಒಂದೊಂದೇ ಅಕ್ಷರ ಗಟ್ಟಿಯಾಗಿ ಹೇಳುತ್ತಾ ಒತ್ತಿದಳು. ಕೊನೆಯ ಅಕ್ಷರವಾದ ಮೇಲೆ ಒಂದು ಗಳಿಗೆ ಪರದೆ ನೋಡಿ, ಕಳಿಸಿಬಿಟ್ಟಳು. "ಲ್ಯಾಬಿಗೆ ಹೋಯ್ತು."

ನನ್ನ ಕಣ್ಣು ಮಂಜಾಯಿತು. ಬಿಸಿ ದೀಪ, ಇನ್ನೇನು. ಸಾಕು ಅನ್ನಿಸಿ ವಿನೆಗರ್ ಬಾಟಲಿಯ ಮುಚ್ಚಳ ತಿರುಗಿಸಿದೆ. ಭಾವನ ಎಡಗೈ ನೆನೆಸಿ ಉಜ್ಜಿದೆ, ಸ್ಲೈಮು ನೀರಾಗಿ ಜಾರಿತು.

"ಇದು ಇಷ್ಟೊತ್ತು ಎಲ್ಲಿತ್ತೇ, ಪಾಪಿ?" ಎಂದು ಭಾವ ಅತ್ತೇಬಿಟ್ಟರು.

"ಒಂಬತ್ತನೇ ನಿಮಿಷದಲ್ಲಿ ಭಾವ."

ಅವರು ಮುಖ ಮುಂದೆ ಮಾಡಿ ಮೀಸೆ ತೋರಿಸಿದರು. ನಾನು ಹತ್ತಿಯನ್ನು ವಿನೆಗರಿಗೆ ಅದ್ದಿದೆ. ಇನ್ನೇನು ಒತ್ತಬೇಕು, ಸ್ಪೀಕರು ಕಟಕ್ ಅಂತು.

"ತಡಿ ಪುಟ್ಟಾ," ಎಂದಳು ಅಕ್ಕ. "ಆ ಟೇಕಲ್ಲಿ ಕೊನೇಲಿ ಕುರ್ಚಿ ಕಿರ್ ಅಂದಿದೆ. ಸೇಫ್ಟಿಗೆ ಇನ್ನೊಂದು ಬೇಕು."

"ಯಾವ ಕೈಯಿಂದ? ಎರಡೂ ಖಾಲಿ," ಅಂದೆ.

"ಮೀಸೆ ಇದೆಯಲ್ಲ."

ನಾನು ವಿನೆಗರ್ ಬಾಟಲಿಯನ್ನು ನೆಲಕ್ಕಿಟ್ಟು ಐಸ್ ಎತ್ತಿಕೊಂಡೆ.